ಇನ್ನೂರನೇ ಸಾಲಿನ ಕೆಳಗೆ

ಮಾರ್ಚ್ 4, ಬುಧವಾರ

ಬೀಗರಿಗೆ ಕಂಪ್ಯೂಟರ್ ಚೆನ್ನಾಗಿ ಬರುತ್ತದಂತೆ. ಬರಲಿ. ಯಾರಿಗೆ ಏನು ಬಂದರೆ ನನಗೇನು? ಐ ಯಾಮ್ ನಾಟ್ ಬಾದರ್ಡ್ ಅಟ್ ಆಲ್. ಆದರೆ ಬಂದದ್ದನ್ನೆಲ್ಲ ಹೊತ್ತು ತಂದು ನನ್ನ ಮೇಜಿನ ಮೇಲೇ ಇಳಿಸಬೇಕಾ?

ಮಗಳ ಫಿಸಿಯೋಥೆರಪಿ ಕ್ಲಿನಿಕ್ಕಿನ ಪಕ್ಕದ ಎರವಲು ಕೋಣೆಯನ್ನು, ನನ್ನ ಹೆಂಡತಿ ತೀರಿಹೋದ ಮೇಲಿಂದ, ನೋಡಿಕೊಂಡು ಬರುತ್ತಿರುವವನು ನಾನು. ಕಾಲು ಮುರಿದವರು, ಆಪರೇಷನ್ ಆದವರು ಬಂದು ಗಾಲಿಕುರ್ಚಿ, ವಾಕರ್, ಊರುಗೋಲು, ಮಡಚುವ ಮಂಚ ಒಯ್ಯುತ್ತಾರೆ. ಗುಣವಾದ ಮೇಲೆ ವಾಪಸ್ ತಂದಿಡುತ್ತಾರೆ. ಬಾಡಿಗೆ ಗೀಡಿಗೆ ಇಲ್ಲ. ಯಾವುದು ಯಾರ ಮನೆಯಲ್ಲಿದೆ ಅನ್ನುವುದೆಲ್ಲ ಎಕ್ಸೆಲ್ ಶೀಟಿನಲ್ಲಿದೆ. ಅದು ನಾನು ಕಟ್ಟಿದ ಶೀಟು. ಆಯುಷ್ಯವೆಲ್ಲ ಚಪ್ಪಲಿ ಅಂಗಡಿಯಲ್ಲಿ ಜನರ ಪಾದ ಹಿಡಿದು ಕೂತವನು, ಅರವತ್ತು ದಾಟಿದ ಮೇಲೆ ಒಂದೇ ಬೆರಳಲ್ಲಿ ಕುಟ್ಟಿ ಕುಟ್ಟಿ ಕಟ್ಟಿದ್ದು.

ಮಗಳಿಗೆ ಈಗ ಎಂಟನೇ ತಿಂಗಳು. ಏಪ್ರಿಲ್‌ನಿಂದ ರಜೆ. ಅಷ್ಟರಲ್ಲಿ ಕೋಣೆಯನ್ನು ಯಾರಿಗಾದರೂ ಒಪ್ಪಿಸಬೇಕು. ಬಂದವರಿಗೆ ಹೂಂ ಅನ್ನಬೇಕು, ಉಹೂಂ ಅನ್ನಬೇಕು, ರಿಪೇರಿಗೆ ಕಳಿಸಬೇಕು. ನಾನಿದ್ದೇನಲ್ಲ, ಇದರಲ್ಲಿ ಕೇಳುವುದೇನಿದೆ ಅಂದುಕೊಂಡಿದ್ದೆ. ಬೆಳಿಗ್ಗೆ ಮಗಳು, "ಅಪ್ಪಾ, ಇನ್ಮೇಲೆ ಮಾವನೂ ಬರ್ತಾರೆ. ಮನೇಲಿ ಕೂತು ಕೂತು ಅವರಿಗೂ ಬೇಜಾರಾಗಿದೆ. ಯಾರು ನೋಡ್ಕೋಬೇಕು ಅನ್ನೋದನ್ನ ತಿಂಗಳ ಕೊನೇಲಿ ಹೇಳ್ತೀನಿ" ಅಂದಳು.

ಯಾರು ಅನ್ನೋದನ್ನ!

ಬೀಗರು ರೈಲ್ವೆಯಲ್ಲಿ ಸಿಗ್ನಲ್ ಇಂಜಿನಿಯರ್ ಆಗಿದ್ದವರು. ಒಳ್ಳೆಯ ಮನುಷ್ಯ, ಇಲ್ಲ ಅನ್ನಲ್ಲ. ಎಂಟು ನಂಬರಿನ ಕಾಲಿಗೆ ಒಂಬತ್ತು ನಂಬರಿನ ಬೂಟು ಹಾಕುತ್ತಾರೆ. ಅಷ್ಟೇ ಹೇಳುತ್ತೇನೆ.

ಮಾರ್ಚ್ 6, ಶುಕ್ರವಾರ

"ಬೀಗರೇ, ತಪ್ಪು ತಿಳ್ಕೋಬೇಡಿ" ಅಂತ ಶುರು ಮಾಡಿದರು. ಹೀಗೆ ಶುರುವಾದ ಮಾತು ನೆಟ್ಟಗೆ ಮುಗಿದದ್ದನ್ನು ನಾನು ಕಂಡಿಲ್ಲ.

"ಛೆ ಛೆ, ಹೇಳಿ ಬೀಗರೇ."

"ನಮ್ಮಲ್ಲಿ ಗಾಲಿಕುರ್ಚಿ ಎಷ್ಟಿವೆ?"

"ಹನ್ನೊಂದು" ಅಂದೆ. ಮಗಳು ಬಾಗಿಲಲ್ಲೇ ನಿಂತಿದ್ದಳು. ಅವರು ಶೀಟನ್ನು ತಿರುಗಿಸಿ ತೋರಿಸಿದರು. ಕೆಲವು ಕಡೆ 'ಗಾಲಿಕುರ್ಚಿ' ಅಂತಿದೆ, ಕೆಲವು ಕಡೆ 'ವೀಲ್‌ಚೇರ್', ಎರಡು ಕಡೆ ಬರೀ 'ಕುರ್ಚಿ'. ಒಂದು ಕಡೆ 'ಆ ಅಜ್ಜಿ ತಂದುಕೊಟ್ಟದ್ದು' ಅಂತ ಬರೆದಿದ್ದೇನೆ. ಎಲ್ಲ ಕೂಡಿಸಿದರೆ ಹತ್ತೊಂಬತ್ತು.

"ಆ ಅಜ್ಜಿ ಅಂದ್ರೆ ಯಾವ ಅಜ್ಜಿ ಬೀಗರೇ?"

"ಅವರೇ, ಮಾತು ಜಾಸ್ತಿ ಆಡ್ತಾರಲ್ಲ" ಅಂದೆ. ಮಗಳು ಕಿಸಕ್ಕನೆ ನಕ್ಕಳು. ನನ್ನ ಮಗಳು, ನನ್ನ ಶೀಟು ನೋಡಿ, ಅವರ ಜೊತೆ ಸೇರಿ ನಕ್ಕಳು.

"ಸಿಗ್ನಲ್ ಬೀಳದೆ ಗಾಡಿ ಕದಲಬಾರದು. ಇಲ್ಲೂ ಅಷ್ಟೇ. ಬರೆಯೋರನ್ನ ಅವರ ಇಷ್ಟಕ್ಕೆ ಬಿಟ್ಟುಬಿಟ್ರೆ ಡಿಕ್ಕಿ ಗ್ಯಾರಂಟಿ" ಅಂದರು. ಬರೆಯೋರು ಅಂದರೆ ಯಾರು? ಇಡೀ ಕೋಣೆಯಲ್ಲಿ ಬರೆಯುವವನು ಒಬ್ಬನೇ.

ಮಾರ್ಚ್ 9, ಸೋಮವಾರ

ಇವತ್ತು ಮಾಡಿಯೇ ಬಿಟ್ಟರು. ಎಲ್ಲರ ಹಾಗೆ ಮೌಸ್ ಹಿಡಿದು ಕ್ಲಿಕ್ಕಿಸಿದ್ದರೆ ನಾನೂ ಸುಮ್ಮನಿರುತ್ತಿದ್ದೆ. ಇವರು ಕೋಡ್ ಬರೆದರು. ಕಪ್ಪು ಪರದೆ, ಅದರ ಮೇಲೆ ಮೂವತ್ತು ಸಾಲು. ಒಂದು ಗುಂಡಿ ಒತ್ತಿದರು, ಅಷ್ಟೇ. ನನ್ನ ಶೀಟಿನ ಪ್ರತಿ ಚೌಕದ ಮೂಲೆಯಲ್ಲೂ ಒಂದೊಂದು ಪುಟಾಣಿ ಬಾಣ. ಬಾಣ ಒತ್ತಿದರೆ ಪಟ್ಟಿ ಇಳಿಯುತ್ತದೆ: ಗಾಲಿಕುರ್ಚಿ, ವಾಕರ್, ಊರುಗೋಲು, ಮಂಚ. ಪಕ್ಕದ ಚೌಕದಲ್ಲಿ: ಇದೆ, ಹೊರಗಿದೆ, ರಿಪೇರಿ. ಇನ್ನೊಂದರಲ್ಲಿ: ಸಣ್ಣದು, ಮಾಮೂಲಿ, ಅಗಲ. ಇದಕ್ಕೆ ಡ್ರಾಪ್‌ಡೌನ್ ಅನ್ನುತ್ತಾರಂತೆ. ಪಟ್ಟಿಯಲ್ಲಿಲ್ಲದ್ದನ್ನು ಬರೆದರೆ ಶೀಟು ಒಪ್ಪುವುದಿಲ್ಲ. ಅದು ಡೇಟಾ ವ್ಯಾಲಿಡೇಶನ್. ಮೊದಲಿಗೆ ಒಂದು ಹೊಸ ಪುಟ, ಹೆಸರು 'ಹುಡುಕು'. ಅಲ್ಲಿ ಗಾಲಿಕುರ್ಚಿ, ಅಗಲ, ಇದೆ ಅಂತ ಮೂರು ಬಾಣ ಒತ್ತಿದರೆ ಕೋಣೆಯಲ್ಲಿರುವ ಅಂಥ ಕುರ್ಚಿಗಳೆಲ್ಲ ಕೆಳಗೆ ಸಾಲಾಗಿ ನಿಲ್ಲುತ್ತವೆ.

ನಾನು ಪರೀಕ್ಷೆಗೆ ಅಂತ 'ಎಡ ಚಕ್ರಕ್ಕೆ ಸ್ವಲ್ಪ ಮುನಿಸು' ಅಂತ ಕುಟ್ಟಿದೆ. ಟಂಗ್ ಅಂತ ಸದ್ದು ಮಾಡಿ ಒಂದು ಡಬ್ಬಿ ಎದ್ದು ಬಂತು, ಇದು ನಡೆಯಲ್ಲ ಅಂತ. ನಾನು ಕಟ್ಟಿದ ಶೀಟು ನನಗೇ ಬಾಗಿಲು ಹಾಕಿತು.

"ಮಾವಾ! ಏನ್ ಚೆನ್ನಾಗಿದೆ! ಇಷ್ಟು ದಿನ ಎಲ್ಲಿ ಬಚ್ಚಿಟ್ಕೊಂಡಿದ್ರಿ ಇದನ್ನೆಲ್ಲ?" ಅಂದಳು ಮಗಳು. ಬೀಗರು ನಾಚಿಕೊಂಡು ಕಿವಿ ಕೆರೆದುಕೊಂಡರು. ಅರವತ್ತೆಂಟು ವರ್ಷದ ಗಂಡಸು ನಾಚಿಕೊಳ್ಳುವುದು ನೋಡಲು ಅಷ್ಟೇನೂ ಚೆನ್ನಾಗಿರುವುದಿಲ್ಲ.

ಕಾಲೇಜಿನಲ್ಲಿ ಇಂಗ್ಲಿಷ್ ಮೇಷ್ಟ್ರು ಒಂದು ಪೀರಿಯಡ್ಡು ಪೂರ್ತಿ ಪಾಠ ಮಾಡಿದ್ದರು, ಎನ್ವಿ ಬೇರೆ ಜೆಲಸಿ ಬೇರೆ ಅಂತ. ಒಂದು, ನಮ್ಮ ಹತ್ತಿರ ಇಲ್ಲದ್ದು ಇನ್ನೊಬ್ಬರ ಹತ್ತಿರ ಇದೆಯಲ್ಲ ಅಂತ. ಇನ್ನೊಂದು, ನಮ್ಮ ಹತ್ತಿರ ಇರುವುದು ಇನ್ನೊಬ್ಬರ ಪಾಲಾಗುತ್ತದಲ್ಲ ಅಂತ. ಯಾವುದಕ್ಕೆ ಯಾವ ಹೆಸರು ಅನ್ನುವುದು ಮರೆತಿದೆ. ಎರಡೂ ಒಟ್ಟಿಗೇ ಬಂದರೆ ಏನನ್ನಬೇಕು ಅಂತ ಮೇಷ್ಟ್ರು ಹೇಳಲಿಲ್ಲ.

ಮಾರ್ಚ್ 10, ಮಂಗಳವಾರ

ಮಧ್ಯಾಹ್ನ ಮಗಳು ಬೀಗರ ಊಟದ ಡಬ್ಬಿಯಿಂದ ತಿಂದಳು. "ಅಪ್ಪಾ, ನಿಂದು ಸಾಯಂಕಾಲ ತಿಂತೀನಿ" ಅಂದಳು.

ತಿನ್ನಲಿಲ್ಲ.

ಮಾರ್ಚ್ 12, ಗುರುವಾರ

ಇವತ್ತು ಬಹಳ ಒಳ್ಳೆಯ ದಿನ. ಎ ರೆಡ್ ಲೆಟರ್ ಡೇ.

ಎರಡು ಬೀದಿ ಆಚೆಯ ನರ್ಸಿಂಗ್ ಹೋಮ್ ಮುಚ್ಚುತ್ತಿದ್ದಾರೆ. ಅವರ ಸಾಮಾನೆಲ್ಲ ನಮಗೇ ಕೊಟ್ಟರು. ಎರಡು ವ್ಯಾನ್ ತುಂಬ ವಾಕರ್, ಮಂಚ, ಕುರ್ಚಿ. ಭಾರಿ ಮೈಯವರಿಗೆ ಆಗುವಂಥ ಅಗಲದ ಗಾಲಿಕುರ್ಚಿಯೇ ಎರಡು, ಹೊಸದರ ಹಾಗಿವೆ. ಎಲ್ಲವನ್ನೂ ಹಿಂದಿನ ಕೋಣೆಗೆ ತಳ್ಳಿಸಿ, ಶೀಟಿನಲ್ಲಿ ಏರಿಸುತ್ತಾ ಕೂತೆ. ಬೀಗರು ಕಣ್ಣಿನ ಡಾಕ್ಟರ ಹತ್ತಿರ ಹೋಗಿದ್ದರು.

ಇನ್ನೂರನೇ ಸಾಲಿನವರೆಗೆ ಬಾಣ ಬಂತು. ಇನ್ನೂರ ಒಂದಕ್ಕೆ ಬರಲಿಲ್ಲ. ಸುಮ್ಮನೆ 'ಆ ಅಜ್ಜಿ' ಅಂತ ಕುಟ್ಟಿ ನೋಡಿದೆ. ಶೀಟು ತೆಪ್ಪಗೆ ಒಪ್ಪಿಕೊಂಡಿತು. ಅಳಿಸಿದೆ. ಎಲಾ ಇದರ ಅಂತ ಕೋಡ್ ತೆಗೆದು ನೋಡಿದೆ. ಎಲ್ಲಿದೆ ಅಂತ ಅವರೇ ತೋರಿಸಿಕೊಟ್ಟಿದ್ದರಲ್ಲ. ಡಿ ಎರಡರಿಂದ ಡಿ ಇನ್ನೂರು, ಅಂದರೆ ಎರಡನೇ ಸಾಲಿನಿಂದ ಇನ್ನೂರನೇ ಸಾಲಿನವರೆಗೆ ಮಾತ್ರ. ನಮ್ಮ ಹತ್ತಿರ ಆಗ ನೂರ ಎಪ್ಪತ್ತು ಚಿಲ್ಲರೆ ಸಾಮಾನಿತ್ತು, ಇನ್ನೂರು ಧಾರಾಳ ಅಂದುಕೊಂಡು ಅಷ್ಟಕ್ಕೇ ಗೆರೆ ಎಳೆದಿದ್ದಾರೆ. 'ಹುಡುಕು' ಪುಟ ನೋಡಿದೆ. ಅದೂ ಇನ್ನೂರರವರೆಗೇ ಓದುತ್ತದೆ! ಅಂದರೆ ಅದರ ಕೆಳಗೆ ಏರಿಸಿದ್ದೆಲ್ಲ, ಆ ಎರಡು ಅಗಲದ ಕುರ್ಚಿಯೂ ಸೇರಿ, ಬೀಗರ ಪಾಲಿಗೆ ಹುಟ್ಟೇ ಇಲ್ಲ. ಹಿಂದಿನ ಕೋಣೆಗೆ ಅವರು ಕಾಲಿಡುವುದೂ ಇಲ್ಲ, ಅವರಿಗೆ ಶೀಟೇ ಸಾಕು.

ಸಾಯಂಕಾಲ ಬಂದು, "ಎಲ್ಲ ಏರಿಸಿದ್ರಾ ಬೀಗರೇ? ಬಾಣ ಏನೂ ತೊಂದ್ರೆ ಕೊಡಲಿಲ್ಲ ತಾನೇ?" ಅಂತ ಕೇಳಿದರು.

"ಏನೂ ಇಲ್ಲ" ಅಂದೆ. ಸುಳ್ಳೇನಲ್ಲ. ಇಲ್ಲದ ಬಾಣ ಏನು ತೊಂದರೆ ಕೊಡುತ್ತದೆ?

ನಾನು ಈಗ ಬಾಯಿ ಬಿಡುವುದಿಲ್ಲ. ಒಂದಲ್ಲ ಒಂದು ದಿನ ಮಗಳ ಎದುರಿಗೇ ಇದು ಸಿಕ್ಕಿಬೀಳುತ್ತದೆ. ಆಗ ನೋಡೋಣ, ಕಿವಿ ಹೇಗೆ ಕೆರೆದುಕೊಳ್ಳುತ್ತಾರೆ ಅಂತ.

ಮಾರ್ಚ್ 17, ಮಂಗಳವಾರ

ಇನ್ನೂ ಸಿಕ್ಕಿಬಿದ್ದಿಲ್ಲ. ಬರುವವರೆಲ್ಲ ಊರುಗೋಲು, ಊರುಗೋಲು. ಅಗಲದ ಕುರ್ಚಿ ಬೇಕಾದ ಒಬ್ಬ ದಪ್ಪ ಮನುಷ್ಯ ಇಡೀ ಪೇಟೆಯಲ್ಲಿ ಇಲ್ಲವಾ?

ಆ ದಿನ ಬಂದಾಗ ಮಗಳಿಗೆ ಬಿಡಿಸಿ ಹೇಳಬೇಕಲ್ಲ, ಅದಕ್ಕೆ ನಾನೂ ಕೋಡ್ ಓದುತ್ತಿದ್ದೇನೆ. ಯುವರ್ ರೇಂಜ್ ಈಸ್ ವೆರಿ ಸ್ಮಾಲ್, ಸರ್. ಈ ಸಾಲನ್ನು ಕನ್ನಡಿ ಮುಂದೆ ಹೇಳಿ ನೋಡಿದೆ. ಸರ್ ತೆಗೆದರೆ ಇನ್ನೂ ಚೆನ್ನಾಗಿರುತ್ತದೆ.

ಓದುತ್ತಾ ಓದುತ್ತಾ ಬೇರೆ ಖಾಲಿ ಶೀಟಿನಲ್ಲಿ ನಾನೇ ಒಂದು ಬರೆದೆ. ಆರು, ಏಳು, ಎಂಟು, ಒಂಬತ್ತು ಅಂತ ಚಪ್ಪಲಿ ನಂಬರಿನ ಪಟ್ಟಿ. ಕಂಪ್ಯೂಟರ್ ಮೂರು ಸಲ ಕೆಂಪಕ್ಷರದಲ್ಲಿ ಬೈದ ಮೇಲೆ, ನಾಲ್ಕನೇ ಸಲ ಬಾಣ ಬಂತು. ಒತ್ತಿದೆ, ಪಟ್ಟಿ ಇಳಿಯಿತು! ಹದಿನಾಲ್ಕು ಅಂತ ಕುಟ್ಟಿದೆ, ಬೇಡ ಅಂತು! ಕುರ್ಚಿಯಿಂದ ಅರ್ಧ ಎದ್ದೇಬಿಟ್ಟಿದ್ದೆ. ತೋರಿಸಲು ಯಾರೂ ಇರಲಿಲ್ಲ. ಬೀಗರು ಪಕ್ಕದಲ್ಲೇ ವಾಕರಿನ ರಬ್ಬರ್ ಬದಲಾಯಿಸುತ್ತಿದ್ದರು. ಅವರಿಗೆ ತೋರಿಸುತ್ತಾರಾ ಯಾರಾದರೂ?

ಮಾರ್ಚ್ 24, ಮಂಗಳವಾರ

ಬರೆಯಬೇಕೋ ಬೇಡವೋ. ಬರೆಯುತ್ತೇನೆ.

ಹನ್ನೊಂದು ಗಂಟೆಯ ಹೊತ್ತಿಗೆ ಒಬ್ಬ ಹೆಂಗಸು ಬಂದರು. ನಾನು ಹಿಂದಿನ ಕೋಣೆಯಲ್ಲಿ ಮಂಚ ಒರೆಸುತ್ತಿದ್ದೆ, ಮಾತು ಕೇಳಿಸುತ್ತಿತ್ತು. ಗಂಡನಿಗೆ ಪಾರ್ಶ್ವವಾಯು. ಆಸ್ಪತ್ರೆಯಿಂದ ಮಧ್ಯಾಹ್ನವೇ ಬಿಡುತ್ತಾರಂತೆ. ಭಾರಿ ಆಳು, ಮಾಮೂಲಿ ಕುರ್ಚಿಯಲ್ಲಿ ಹಿಡಿಸುವುದಿಲ್ಲ. "ಮನೇಲಿ ನಾನೊಬ್ಬಳೇ ಸಾರ್, ಅವರನ್ನ ಎತ್ತಿ ಇಳಿಸೋಕೆ ನನ್ನ ಕೈಲಿ ಆಗಲ್ಲ. ದೊಡ್ಡ ಕುರ್ಚಿ ಇದೆಯಾ ನೋಡಿ" ಅಂದರು.

ಬೀಗರು ಬಾಣ ಒತ್ತುವ ಸದ್ದು ಕೇಳಿಸಿತು. ಒಂದು, ಎರಡು, ಮೂರು.

"ಇಲ್ಲಮ್ಮಾ. ಅಗಲದ್ದು ಒಂದೇ ಇದ್ದದ್ದು, ಅದು ಹೊರಗಿದೆ."

"ಇನ್ನೊಂದ್ಸಲ ನೋಡ್ತೀರಾ?"

ಇನ್ನೊಂದು ಸಲ ಒತ್ತಿದರು. "ಇಲ್ಲಮ್ಮಾ" ಅಂದರು.

ಎರಡೂ ಕುರ್ಚಿ ನನ್ನ ಮಂಡಿಗೆ ತಗುಲಿಕೊಂಡು ನಿಂತಿದ್ದವು. ಆಗ ನನ್ನ ತಲೆಗೆ ಬಂದದ್ದು ಇದು: ಅಯ್ಯೋ, ಮಗಳು ಇಲ್ಲವಲ್ಲ. ಅವಳು ತಪಾಸಣೆಗೆ ಹೋಗಿದ್ದಳು. ಅವಳಿಲ್ಲದಾಗ ಸಿಕ್ಕಿಬಿದ್ದರೆ ಏನು ಬಂತು, ನಾನು ಕಾದದ್ದೆಲ್ಲ ದಂಡ. ಹಾಗೇ ಮಂಚ ಒರೆಸಿದೆ. ಒರೆಸಿದ್ದನ್ನೇ ಒರೆಸಿದೆ.

ಆ ಹೆಂಗಸು ಹೊರಟರು. ಬಾಗಿಲ ಸಂದಿಯಿಂದ ಕಂಡದ್ದು ಪಾದ. ನನಗೆ ಮೊದಲು ಕಾಣುವುದೇ ಅದು. ಬಲಗಾಲಲ್ಲಿ ಕಂದು ಚರ್ಮದ ಚಪ್ಪಲಿ, ಎಡಗಾಲಲ್ಲಿ ಬಚ್ಚಲಿಗೆ ಹಾಕುವ ನೀಲಿ ರಬ್ಬರಿನದು. ಬೆಳಿಗ್ಗೆಯಿಂದ ಹಾಗೇ ಓಡಾಡಿದ್ದಾರೆ, ಗೊತ್ತೇ ಆಗಿಲ್ಲ. ಒಂದು ಎತ್ತರ, ಒಂದು ತಗ್ಗು, ಕುಂಟುತ್ತಾ ಮೆಟ್ಟಿಲಿಳಿದರು.

ಆಮೇಲೆ ನಾನು ಕುರ್ಚಿ ತಳ್ಳಿಕೊಂಡು ಬೀದಿಯಲ್ಲಿದ್ದೆ. ಖಾಲಿ ಗಾಲಿಕುರ್ಚಿ ತಳ್ಳಿಕೊಂಡು ಓಡುವ ಮುದುಕನಿಗೆ ಜನ ದಾರಿ ಬಿಡುತ್ತಾರೆ ಅಂತ ಇವತ್ತು ಗೊತ್ತಾಯಿತು. ಕುರ್ಚಿಯಲ್ಲಿದ್ದವರು ಎಲ್ಲೋ ಬಿದ್ದುಹೋಗಿರಬೇಕು ಅಂದುಕೊಂಡರೋ ಏನೋ. ಬಸ್ ಸ್ಟಾಪಿನಲ್ಲಿ ಸಿಕ್ಕರು. ಕುರ್ಚಿಯ ಕೈ ಹಿಡಿದುಕೊಂಡು ಅತ್ತುಬಿಟ್ಟರು. ನನಗೆ ಎಷ್ಟು ಸಲ ಥ್ಯಾಂಕ್ಸ್ ಹೇಳಿದರೋ. ಒಂದೊಂದು ಥ್ಯಾಂಕ್ಸೂ ಕಪಾಳಕ್ಕೆ ಹೊಡೆದ ಹಾಗಿತ್ತು.

ತಿರುಗಿದರೆ ಬೀಗರು ಏದುಸಿರು ಬಿಡುತ್ತಾ ನಿಂತಿದ್ದಾರೆ, ದೊಡ್ಡ ಬೂಟು ಎಳೆದುಕೊಂಡು ಓಡಿ ಬಂದಿದ್ದಾರೆ. "ಎಲ್ಲಿತ್ತು ಬೀಗರೇ ಅದು?"

"ಹಿಂದಿನ ಕೋಣೇಲಿ."

"ಶೀಟಲ್ಲಿ ಇರಲಿಲ್ಲ!"

ನಾನು ಕೋಣೆಯ ಕಡೆ ಕಾಲು ಹಾಕಿದೆ. 

ಮಾರ್ಚ್ 25, ಬುಧವಾರ

ಬೀಗರು ಗಡ್ಡ ಹೆರೆಯದೆ ಬಂದರು. ಬೆಳಿಗ್ಗೆಯಿಂದ ಕೋಡಿನ ಮುಂದೆ ಕೂತು, ಮೇಲಿಂದ ಕೆಳಗೆ, ಕೆಳಗಿಂದ ಮೇಲೆ ಓದಿದರು. ತಾನೇ ಹಾಕಿದ ಗೆರೆ ತನಗೆ ಕಾಣುವುದಿಲ್ಲ. 'ಇನ್ನೂರು' ಅನ್ನುವುದರ ಮೇಲೆ ಅವರ ಬೆರಳು ಎರಡು ಸಲ ಹೋಗಿ ಬಂದದ್ದನ್ನು ನಾನು ನೋಡಿದೆ.

ಕೊನೆಗೆ ಕನ್ನಡಕ ತೆಗೆದಿಟ್ಟರು. "ಬೀಗರೇ, ನಾನು ಸಿಗ್ನಲಲ್ಲಿದ್ದಾಗ ಒಂದು ಗಾಡೀನೂ ತಪ್ಪು ಹಳಿಗೆ ಬಿಟ್ಟೋನಲ್ಲ. ನಿನ್ನೆ ಆಯಮ್ಮನ್ನ ಬರಿಗೈಲಿ ಕಳಿಸಿಬಿಟ್ಟಿದ್ದೆ. ನನ್ನ ಕೈಲಿ ಇನ್ನಿದು ಆಗಲ್ಲ. ಕೋಣೆ ನಿಮಗೇ ಒಪ್ಪಿಸು ಅಂತ ಸೊಸೆಗೆ ಇವತ್ತೇ ಹೇಳ್ತೀನಿ."

ನಾನು ಕೇಳಿಕೊಂಡದ್ದು ಇದನ್ನೇ ಅಲ್ಲವಾ? ತುಟಿ ಬಿಚ್ಚದಿದ್ದರೆ ಸಾಕಿತ್ತು. ಬರೀ ಬಾಯಿ ಮುಚ್ಚಿಕೊಂಡಿರುವ ಕೆಲಸ.

"ಇಲ್ಲಿ ನೋಡಿ" ಅಂತ ಆ ಸಾಲಿನ ಮೇಲೆ ಬೆರಳಿಟ್ಟೆ. ಕನ್ನಡಿಯ ಮುಂದೆ ಹೇಳಿದ್ದ ಇಂಗ್ಲಿಷ್ ಒಂದಕ್ಷರವೂ ನೆನಪಾಗಲಿಲ್ಲ.

ನೋಡಿದರು. ನಿಧಾನಕ್ಕೆ ಕನ್ನಡಕ ಹಾಕಿಕೊಂಡು ಮತ್ತೆ ನೋಡಿದರು. "ಅಯ್ಯೋ ದೇವರೇ, ಇನ್ನೂರು." ಆಮೇಲೆ, "ಯಾವಾಗ ನೋಡಿದ್ರಿ ಬೀಗರೇ? ಈಗ್ಲಾ?"

ಹೂಂ ಅನ್ನಬಹುದಿತ್ತು.

"ಹನ್ನೆರಡನೇ ತಾರೀಕು."

"ನಾನು ನಿಮ್ಮನ್ನ ಅಷ್ಟೊಂದು ಉರಿಸಿದ್ನಾ?" ಅಂದರು. ಕೋಪದಲ್ಲಲ್ಲ. ನಿಜಕ್ಕೂ ಗೊತ್ತಿಲ್ಲದೆ ಕೇಳಿದರು.

"ಹೂಂ."

"ಏನ್ ಮಾಡಿದೆ ನಾನು?"

ಬಾಯಿಗೆ ಬಂದದ್ದು ಬಂತು. "ಮಗಳು ನಿಮ್ಮ ಡಬ್ಬಿಯಿಂದ ತಿಂದಳು."

ನನ್ನ ಮುಖ ನೋಡಿದರು. ನಗುತ್ತಾರೆ ಅಂದುಕೊಂಡೆ, ನಗಲಿಲ್ಲ. ಕುರ್ಚಿಯಿಂದ ಎದ್ದು, "ಕೂತ್ಕೊಳಿ, ನೀವೇ ಸರಿ ಮಾಡಿ" ಅಂದರು. ಕೂತೆ. ಇನ್ನೂರನ್ನು ತೆಗೆದು, ಕೊನೆಯ ಸಾಮಾನು ಯಾವ ಸಾಲಿನಲ್ಲಿದೆಯೋ ಅಲ್ಲಿಯವರೆಗೆ ಅಂತ ಬರೆದೆ. ಎರಡು ಸಲ ಕೆಂಪಾಯಿತು. ಅವರು ಹಿಂದೆ ನಿಂತು, "ಕೊನೇಲಿ ಬ್ರಾಕೆಟ್" ಅಂತ ಒಂದೇ ಮಾತು ಹೇಳಿದರು. ಶೀಟಿನ ಕೆಳಗಿನವರೆಗೂ ಬಾಣ ಬಂತು.

ತಿರುಗಿ ನೋಡುವಷ್ಟರಲ್ಲಿ ಚೀಲ ತೆಗೆದುಕೊಂಡು ಹೊರಟಿದ್ದರು.

ಮಾರ್ಚ್ 26, ಗುರುವಾರ

ಬೀಗರು ಬರಲಿಲ್ಲ.

ಮಾರ್ಚ್ 30, ಸೋಮವಾರ

ಕೋಣೆ ನನಗೇ ಸಿಕ್ಕಿತು.

ಮಗಳು ಸೊಂಟ ಹಿಡಿದುಕೊಂಡು ಬಂದು ಕೂತಳು. "ಅಪ್ಪಾ, ನೀನೇ ನೋಡ್ಕೋ. ಮಾವನೂ ಅದನ್ನೇ ಹೇಳಿದ್ರು. ಅವರ ಕೋಡಲ್ಲಿ ದೊಡ್ಡ ತಪ್ಪಿತ್ತಂತೆ, ನೀನೇ ಕಂಡುಹಿಡಿದು ನೀನೇ ಸರಿ ಮಾಡಿದೆಯಂತೆ. ನಿಮ್ಮಪ್ಪನ ಕಣ್ಣು ಅಂದ್ರೆ ಕಣ್ಣಮ್ಮಾ ಅಂದ್ರು" ಅಂದಳು.

"ಇನ್ನೇನಂದ್ರು?"

"ಇನ್ನೇನಿಲ್ಲ. ಕುರ್ಚಿ ತಳ್ಕೊಂಡು ಓಡಿದೆಯಂತಲ್ಲ ಬೀದೀಲಿ! ನಂಗೆ ಹೇಳಲೇ ಇಲ್ಲ ನೀನು." ನನ್ನ ಕೆನ್ನೆ ಸವರಿದಳು.

ಹನ್ನೆರಡನೇ ತಾರೀಕಿನ ಮಾತು ಅವಳಿಗೆ ಗೊತ್ತಿಲ್ಲ. ಬೀಗರು ನುಂಗಿಕೊಂಡಿದ್ದಾರೆ. ಎಂಥ ಮನುಷ್ಯ! ಇದರಲ್ಲೂ ನನಗಿಂತ ಒಂದು ಕೈ ಮೇಲೇ ಆಗಬೇಕಾ? ಒಳ್ಳೆಯತನದಲ್ಲಾದರೂ ನನಗೆ ಒಂಚೂರು ಜಾಗ ಬಿಡಬಾರದಾ? ಇದಕ್ಕೆ ಎನ್ವಿ ಅನ್ನಬೇಕೋ ಜೆಲಸಿಯೋ. ಮೈಯೆಲ್ಲ ಉರಿಯುತ್ತಿದೆ.

ಮಗಳಿಗೂ ಹೇಳಿಬಿಡಬೇಕು. ಹೆರಿಗೆ ಆಗಲಿ, ಹೇಳುತ್ತೇನೆ.

ಏಪ್ರಿಲ್ 1, ಬುಧವಾರ

ಮೊದಲ ದಿನ. ನಾಲ್ಕು ಜನ ಬಂದರು. ನಾಲ್ವರಿಗೂ ಬೇಕಾದದ್ದು ಸಿಕ್ಕಿತು. ಶೀಟು ಬೆಣ್ಣೆಯ ಹಾಗೆ ಓಡುತ್ತಿದೆ. ಯಾರೂ ತಪ್ಪು ತಿಳ್ಕೋಬೇಡಿ ಅನ್ನಲಿಲ್ಲ. ಬೆಳಿಗ್ಗೆ ಎರಡು ಕಪ್ ಟೀ ತರಿಸಿದ್ದೆ, ಅಭ್ಯಾಸ ಬಲ. ಒಂದು ಆರಿಹೋಯಿತು.

ಏಪ್ರಿಲ್ 2, ಗುರುವಾರ

ಕೋಣೆ ತೆರೆಯುವ ಮುಂಚೆ ಬೀಗರ ಮನೆಗೆ ಹೋದೆ. ಏನು ಹೇಳಬೇಕು ಅಂತ ದಾರಿಯುದ್ದಕ್ಕೂ ಕೂಡಿಸಿಕೊಂಡಿದ್ದೆ. ಐ ಬೆಗ್ ಯುವರ್ ಪಾರ್ಡನ್ ಅನ್ನುವುದು ಬಸ್ಸಿನಲ್ಲಿ ಕಾಲು ತುಳಿದವರು ಹೇಳುವ ಮಾತಾಯಿತು. ಕನ್ನಡದಲ್ಲಿ ಹೇಳಹೊರಟರೆ ಗಂಟಲಿಗಿಂತ ಮೇಲೆ ಬರುವುದಿಲ್ಲ.

ಬೀಗಿತ್ತಿ ಬಾಗಿಲು ತೆಗೆದು, "ಬನ್ನಿ ಅಣ್ಣಾ. ಒಂದು ವಾರದಿಂದ ಮನೆಯಲ್ಲಿರೋ ಸ್ವಿಚ್ಚೆಲ್ಲ ಬಿಚ್ಚಿ ಹಾಕ್ತಿದ್ದಾರೆ. ದಯವಿಟ್ಟು ಎಲ್ಲಿಗಾದ್ರೂ ಕರ್ಕೊಂಡೋಗಿ" ಅಂದರು.

ಬೀಗರು ಸ್ಟೂಲಿನ ಮೇಲೆ ಸ್ಕ್ರೂಡ್ರೈವರ್ ಹಿಡಿದು ನಿಂತಿದ್ದರು. ನನ್ನನ್ನು ನೋಡಿ ಇಳಿಯಲಿಲ್ಲ. ಗೋಡೆಯ ಕಡೆ ತಿರುಗಿಕೊಂಡೇ, "ಏನಾದ್ರೂ ಕೆಟ್ಟೋಯ್ತಾ ಬೀಗರೇ?" ಅಂದರು.

ಏನೂ ಕೆಟ್ಟಿರಲಿಲ್ಲ.

"ಹೂಂ ಬೀಗರೇ. 'ಹುಡುಕು' ಪುಟ ಹೇಳಿದ ಮಾತು ಕೇಳ್ತಿಲ್ಲ."

ಸ್ಟೂಲಿನಿಂದ ಇಳಿದರು. ಬೂಟು ಹಾಕಿಕೊಂಡರು. ದಾರಿಯಲ್ಲಿ ಪೇಟೆಯ ಅಂಗಡಿಗೆ ಕರೆದುಕೊಂಡು ಹೋಗಿ ಅವರ ಕಾಲು ಅಳೆಸಿದೆ. ಎಂಟೇ. "ಮೂವತ್ತು ವರ್ಷದಿಂದ ಒಂಬತ್ತೇ ಹಾಕ್ತಿರೋದು" ಅಂತ ಒಂದೇ ಸಮ ವಾದ ಮಾಡಿದರು, ಆಮೇಲೆ ಎಂಟನ್ನೇ ಹಾಕಿಕೊಂಡು ನಡೆದರು.

ಕೋಣೆಗೆ ಬಂದವರು ಸೀದಾ ನನ್ನ ಕುರ್ಚಿಯಲ್ಲೇ ಕೂತರು. ಬಾಣ ಒತ್ತಿದರು. ಇನ್ನೊಂದು ಒತ್ತಿದರು. ಕೋಡ್ ತೆಗೆದು ಮೇಲಿಂದ ಕೆಳಗೆ ಓದಿದರು. ನಾನು ಕಿಟಕಿಯ ಹೊರಗೆ ನೋಡುತ್ತಾ ನಿಂತಿದ್ದೆ.

"ಹೌದು, ಕೆಟ್ಟಿದೆ" ಅಂದರು ಕೊನೆಗೆ. "ಒಂದೇ ದಿನಕ್ಕೆ ಆಗೋ ಕೆಲಸ ಅಲ್ಲ ಇದು. ನಾಳೇನೂ ಬರಬೇಕಾಗುತ್ತೆ."

ಮಧ್ಯಾಹ್ನ ಮಗಳು ಫೋನ್ ಮಾಡಿದಳು. ಮೊದಲು ಮಾವನಿಗೆ ಕೊಡು ಅಂದಳು. ಕೊಟ್ಟೆ. ಇಬ್ಬರೂ ಏನೇನೋ ಮಾತಾಡಿ ನಕ್ಕರು. ನನಗೆ ಸಿಕ್ಕಿದ್ದು ಎರಡು ನಿಮಿಷ. ಇರಲಿ, ಅವಳು ದಣಿದಿದ್ದಾಳೆ.

ಶನಿವಾರಕ್ಕೆ ಏನು ಕೆಟ್ಟಿದೆ ಅಂತ ಹೇಳುವುದು, ಯೋಚನೆ ಮಾಡಬೇಕು.